‘ಶೇಕ್ ಅಪ್’ ಎಲ್ಲಿ, ‘ಅಪ್‌ಹೀವಲ್’ ಎಲ್ಲಿ: ದೊಡ್ಡ ಬದಲಾವಣೆಯನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಬ್ಯಾಂಕು, ಕೆಎಎಸ್, ಪಿಎಸ್‌ಐ ಪರೀಕ್ಷೆಗೆಂದು ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಧಾರವಾಡಕ್ಕೆ ಬಂದು, ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಪತ್ರಿಕೆ ಓದಿ ತಿಳಿದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ತೊಡಕು ಬರುವುದು ತಾವೇ ಬರೆಯಬೇಕಾದಾಗ, ಸಂದರ್ಶನದಲ್ಲಿ ಬಾಯಿ ಬಿಡಬೇಕಾದಾಗ. ಬದಲಾವಣೆಯ ಮಾತು ಬಂತೆಂದರೆ ಎರಡೇ ಪದ ನೆನಪಾಗುತ್ತವೆ: ಸಣ್ಣದಾದರೆ ‘ಚೇಂಜ್’, ದೊಡ್ಡದಾದರೆ ‘ಗೇಮ್ ಚೇಂಜರ್’. ಬಸ್ ಮಾರ್ಗ ಬದಲಾದರೂ ಗೇಮ್ ಚೇಂಜರ್, ಸರ್ಕಾರ ಬಿದ್ದರೂ ಗೇಮ್ ಚೇಂಜರ್. ಕೇಳುವವರಿಗೆ ಏನೋ ದೊಡ್ಡದಾಯಿತು ಅನ್ನುವುದಷ್ಟೇ ತಿಳಿಯುತ್ತದೆ, ಎಂಥದು ಅನ್ನುವುದು ತಿಳಿಯುವುದಿಲ್ಲ.

ಈ ಎರಡರ ನಡುವೆ ಹತ್ತು ಹನ್ನೆರಡು ಒಳ್ಳೆಯ ಮಾತುಗಳಿವೆ. ಅವುಗಳಲ್ಲಿ ದಿನಬಳಕೆಗೆ ಬಹಳ ಬರುವುದು ‘ಶೇಕ್ ಅಪ್’. ಅದನ್ನು ಚೆನ್ನಾಗಿ ಕೈವಶ ಮಾಡಿಕೊಂಡರೆ ಉಳಿದವು ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಅನ್ನುವುದು ತಾನಾಗಿ ತಿಳಿಯುತ್ತ ಹೋಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ಹಂತ 1: ಅಲ್ಲಾಡಿಸಿದ್ದೋ, ಅಲ್ಲಾಡಿದ್ದೋ ನೋಡಿ

ಕೆಮ್ಮಿನ ಔಷಧದ ಬಾಟಲಿಯ ಮೇಲೆ ‘ಶೇಕ್ ವೆಲ್ ಬಿಫೋರ್ ಯೂಸ್’ ಎಂದು ಬರೆದಿರುತ್ತದೆ. ತಳದಲ್ಲಿ ಗಟ್ಟಿಯಾಗಿ ಕೂತದ್ದು ಮೇಲೆದ್ದು ಉಳಿದದ್ದರ ಜೊತೆ ಬೆರೆಯಲಿ ಎಂದು. ‘ಶೇಕ್ ಅಪ್’ ಎನ್ನುವುದರ ನೇರ ಅರ್ಥವೂ ಇದೇ. ಕಚೇರಿ, ತಂಡ, ಪಕ್ಷ, ವ್ಯಾಪಾರದ ವಿಷಯದಲ್ಲಿ ಬಳಸಿದಾಗಲೂ ಈ ಅರ್ಥದ ಮೂರು ಅಂಶ ಹಾಗೇ ಉಳಿದಿರುತ್ತವೆ. ಒಂದು, ಬಹಳ ದಿನದಿಂದ ಒಂದೇ ರೀತಿ ನಡೆದುಕೊಂಡು ಬಂದದ್ದು ಇರಬೇಕು. ಎರಡು, ಅಲ್ಲಾಡಿಸುವ ಕೈ ಇರಬೇಕು. ಮೂರು, ಆ ಕೈಗೆ ಒಂದು ಉದ್ದೇಶ ಇರಬೇಕು, ಸಾಮಾನ್ಯವಾಗಿ ಸುಧಾರಣೆಯ ಉದ್ದೇಶ.

ಎರಡನೆಯ ಅಂಶವೇ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷಿನ ‘ಶೇಕ್’ ಎಂಬ ಒಂದೇ ಕ್ರಿಯಾಪದ ‘ನೆಲ ಅಲ್ಲಾಡಿತು’ ಎನ್ನುವುದಕ್ಕೂ ‘ಅವನು ಗಿಡ ಅಲ್ಲಾಡಿಸಿದ’ ಎನ್ನುವುದಕ್ಕೂ ಬರುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಅಲ್ಲಾಡು’ ಬೇರೆ, ‘ಅಲ್ಲಾಡಿಸು’ ಬೇರೆ. ನಮ್ಮ ಭಾಷೆ ಕೊಟ್ಟಿರುವ ಈ ‘-ಇಸು’ ಇಂಗ್ಲಿಷ್ ಕಲಿಯುವವರಿಗೆ ದೊಡ್ಡ ಅನುಕೂಲ, ಅದನ್ನು ಬಳಸಿಕೊಳ್ಳಬೇಕು. ಹೇಳಬೇಕಾದ ಸಂಗತಿಯನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. “ಹೊಸಾ ಮ್ಯಾನೇಜರ್ ಬಂದಮ್ಯಾಲೆ ಬ್ರಾಂಚೆಲ್ಲಾ ಅಲ್ಲಾಡಿಸಿಬಿಟ್ಟಾರ್ರೀ” ಅನ್ನುವಂತಿದ್ದರೆ ‘ಶೇಕ್ ಅಪ್’ ಸರಿ. “ಮಾರ್ಕೆಟ್ ಪೂರಾ ಅಲ್ಲೋಲಕಲ್ಲೋಲ ಆತ್ರೀ” ಅನ್ನುವಂತಿದ್ದರೆ ಅದು ‘ಟರ್ಮಾಯಿಲ್’ ಅಥವಾ ‘ಅಪ್‌ಹೀವಲ್’. ಅಲ್ಲಿ ಮಾಡಿದವರಿಗಿಂತ ಅನುಭವಿಸಿದವರೇ ಕಣ್ಣಿಗೆ ಕಾಣುತ್ತಾರೆ.

ಅಲ್ಲಾಡಿಸುವ ಕೈ ಮನುಷ್ಯರದ್ದೇ ಆಗಬೇಕೆಂದಿಲ್ಲ. ಹೊಸ ಕಂಪನಿ, ಹೊಸ ಕಾನೂನು, ಹೊಸ ತಂತ್ರಜ್ಞಾನ ಎಲ್ಲವೂ ಕರ್ತೃ ಆಗಬಹುದು. 2016ರಲ್ಲಿ ಬಂದ ಯುಪಿಐ ಇವತ್ತು ಕಾಯಿಪಲ್ಲೆ ಮಾರುವವರ ಗಾಡಿಯವರೆಗೆ ಹೋಗಿದೆ. ‘ಯುಪಿಐ ಹ್ಯಾಸ್ ಶೇಕನ್ ಅಪ್ ದ ವೇ ವಿ ಪೇ’ ಎಂದರೆ ಸರಿಯಾದ ಇಂಗ್ಲಿಷ್.

ಹಂತ 2: ವ್ಯಾಕರಣ ಗಟ್ಟಿ ಮಾಡಿಕೊಳ್ಳಿ

ಮೂರು ರೂಪ: ಶೇಕ್, ಶುಕ್, ಶೇಕನ್. ‘ಶೇಕ್ಡ್’ ಎಂಬುದಿಲ್ಲ. ಎರಡನೆಯದನ್ನು ‘ಶೂಕ್’ ಎಂದು ಎಳೆಯಬೇಡಿ. ‘ಬುಕ್’, ‘ಕುಕ್’ ಅನ್ನುವಾಗಿನ ಹ್ರಸ್ವ ಉಕಾರವೇ ಇದರಲ್ಲೂ ಇರುವುದು.

ಕರ್ಮಪದ ಎಲ್ಲಿಡಬೇಕು ಅನ್ನುವುದರಲ್ಲಿ ಸ್ವಲ್ಪ ಸಡಿಲಿಕೆ ಇದೆ. ‘ಶೀ ಶುಕ್ ಅಪ್ ದ ಟೀಮ್’ ಎನ್ನಬಹುದು, ‘ಶೀ ಶುಕ್ ದ ಟೀಮ್ ಅಪ್’ ಎಂದೂ ಎನ್ನಬಹುದು. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ಕೂಡಬೇಕು: ‘ಶೀ ಶುಕ್ ಇಟ್ ಅಪ್’. ‘ಶುಕ್ ಅಪ್ ಇಟ್’ ಎಂದರೆ ತಪ್ಪು. ಏನನ್ನು ಅಲ್ಲಾಡಿಸಿದರೆಂದು ಬಿಡಿಸಿ ಹೇಳುವ ಅಗತ್ಯ ಇಲ್ಲದಿದ್ದರೆ ಇಂಗ್ಲಿಷಿನವರು ‘ಥಿಂಗ್ಸ್’ ಎಂಬ ಪದ ಇಟ್ಟು ‘ಶೇಕ್ ಥಿಂಗ್ಸ್ ಅಪ್’ ಎನ್ನುತ್ತಾರೆ. ಮಾತಿನಲ್ಲಿ ಬಹಳ ಕೇಳಿಬರುವುದು ಈ ರೂಪವೇ.

ನಾಮಪದವಾದಾಗ ನಡುವೆ ಗೆರೆ ಬರುತ್ತದೆ, ಒತ್ತು ‘ಶೇಕ್’ ಮೇಲೆ ಬೀಳುತ್ತದೆ, ಮತ್ತು ಮುಂದೆ ‘ಅ’ ಅಥವಾ ‘ದ’ ಬೇಕೇ ಬೇಕು. ‘ಅ ಮೇಜರ್ ಶೇಕ್-ಅಪ್’, ‘ಅ ಮ್ಯಾನೇಜ್‌ಮೆಂಟ್ ಶೇಕ್-ಅಪ್’, ‘ಅ ಮಚ್-ನೀಡೆಡ್ ಶೇಕ್-ಅಪ್’ ಎಂಬ ಜೋಡಿಗಳನ್ನು ಹಾಗೇ ಬಾಯಿಪಾಠ ಮಾಡಿದರೂ ನಷ್ಟವಿಲ್ಲ. ಅದರ ನಂತರ ಸಾಮಾನ್ಯವಾಗಿ ‘ಇನ್’, ‘ಆಫ್’, ‘ಅಟ್’ ಬರುತ್ತವೆ: ಇಲಾಖೆಯೊಳಗೆ ಆದದ್ದಾದರೆ ‘ಇನ್’, ವ್ಯವಸ್ಥೆಯದ್ದೇ ಆದರೆ ‘ಆಫ್’, ಕಂಪನಿಯ ಹೆಸರಿದ್ದರೆ ‘ಅಟ್’.

ಒಂದು ಕಡೆ ಎಚ್ಚರ ಬೇಕು. ‘ದ ಆಫೀಸ್ ವಾಸ್ ಶೇಕನ್ ಅಪ್’ ಎಂದರೆ ಕಚೇರಿಯ ವ್ಯವಸ್ಥೆ ಬದಲಾಯಿತು ಎಂದರ್ಥ. ‘ಶೀ ವಾಸ್ ಶೇಕನ್ ಅಪ್’ ಎಂದರೆ ಆಕೆ ಬೆದರಿದಳು, ಜೀವ ಝಲ್ಲೆಂದಿತು ಎಂದರ್ಥ. ಅಪಘಾತ ಕಣ್ಣಾರೆ ಕಂಡವರ ಬಗ್ಗೆ, ಮನೆಯಲ್ಲಿ ಕಳ್ಳತನ ಆದವರ ಬಗ್ಗೆ ಹೀಗೆ ಹೇಳುತ್ತಾರೆ. ವ್ಯಕ್ತಿಯ ವಿಷಯಕ್ಕೆ ಬಂದಾಗ ಸುಧಾರಣೆಯ ಅರ್ಥ ಹೋಗಿ ಆಘಾತದ ಅರ್ಥ ಬರುತ್ತದೆ. ಇನ್ನು ‘ಶೇಕ್‌ಡೌನ್’ ಎಂಬ ಮಾತನ್ನು ‘ಶೇಕ್-ಅಪ್’ನ ವಿರುದ್ಧಪದ ಎಂದು ತಿಳಿದು ಎಲ್ಲಿಯೂ ಬರೆಯಬೇಡಿ. ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಹೆದರಿಸಿ ಹಣ ಕೀಳುವುದು ಎಂಬ ಅರ್ಥವಿದೆ.

ಹಂತ 3: ನೆರೆಹೊರೆಯ ಮಾತುಗಳನ್ನು ಬೇರೆ ಬೇರೆ ಮಾಡಿ

ಸಮಾನಾರ್ಥಕ ಪದಗಳ ಪಟ್ಟಿಯನ್ನು ಉದ್ದಕ್ಕೆ ಬರೆದು ಗೋಡೆಗೆ ಅಂಟಿಸುವ ರೂಢಿ ನಮ್ಮಲ್ಲಿದೆ. ಅದರಿಂದ ಪದ ಗೊತ್ತಾಗುತ್ತದೆ, ಬಳಕೆ ಗೊತ್ತಾಗುವುದಿಲ್ಲ. ಒಂದೊಂದರ ಸ್ವಭಾವ ತಿಳಿಯಬೇಕು.

ಮೊದಲು ‘ರೀಶಫಲ್’. ಮಂತ್ರಿಮಂಡಲದ ಸುದ್ದಿಯಲ್ಲಿ ಇದನ್ನೂ, ಭಾರತದ ಪತ್ರಿಕೆಗಳಿಗೆ ಪ್ರಿಯವಾದ ‘ರೀಜಿಗ್’ ಎಂಬುದನ್ನೂ ನೋಡಿರುತ್ತೀರಿ. ‘ರೀಶಫಲ್’ ಇಸ್ಪೀಟು ಕಲೆಸುವುದರಿಂದ ಬಂದ ಮಾತು: ಎಲೆಗಳು ಅವೇ, ಕೂತ ಜಾಗ ಮಾತ್ರ ಅದಲುಬದಲು. ವರ್ಗಾವಣೆ, ಖಾತೆ ಬದಲಾವಣೆಗೆ ಇದು ಸಾಕು. ವ್ಯವಸ್ಥೆಯ ರಚನೆಯೇ ಬದಲಾದರೆ, ಕೆಲವರು ಹೊರಗೆ ಹೋಗಿ ಹೊಸಬರು ಬಂದರೆ ‘ಶೇಕ್-ಅಪ್’.

‘ಓವರ್‌ಹಾಲ್’ ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಾದ ಪದವೇ ಅಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರ ಮನೆಗಳಲ್ಲಿ ‘ಪಿಓಎಚ್’ ಅನ್ನುವ ಮೂರಕ್ಷರ ದಿನನಿತ್ಯದ್ದು, ಅದೇ ಪಿರಿಯಾಡಿಕಲ್ ಓವರ್‌ಹಾಲ್. ಬೋಗಿಯನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಪರೀಕ್ಷಿಸಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಬಣ್ಣ ಹಚ್ಚಿ ಹಳಿಗೆ ಬಿಡುವುದು. ತೆರಿಗೆ ಪದ್ಧತಿಯ ಓವರ್‌ಹಾಲ್, ಪರೀಕ್ಷಾ ಪದ್ಧತಿಯ ಓವರ್‌ಹಾಲ್ ಅನ್ನುವಾಗಲೂ ಅರ್ಥ ಇಷ್ಟೇ: ಬಿಚ್ಚಿ, ನೋಡಿ, ಸರಿಮಾಡಿ, ಜೋಡಿಸುವುದು. ‘ಶೇಕ್-ಅಪ್’ನಲ್ಲಿ ಜನರಿಗೆ ಚುರುಕು ಮುಟ್ಟಿಸುವ ಧ್ವನಿ ಇದೆ. ‘ಓವರ್‌ಹಾಲ್’ನಲ್ಲಿ ತಾಳ್ಮೆಯ ದುರಸ್ತಿಯ ಧ್ವನಿ ಇದೆ. ಪ್ರಬಂಧ ಬರೆಯುವಾಗ ಕಾನೂನು, ಪದ್ಧತಿ, ಯಂತ್ರದ ವಿಷಯಕ್ಕೆ ‘ಓವರ್‌ಹಾಲ್’ ಹೆಚ್ಚು ಒಪ್ಪುತ್ತದೆ.

‘ಅಪ್‌ಹೀವಲ್’ ಭೂಮಿಯ ಪದರ ಒಳಗಿನ ಒತ್ತಡಕ್ಕೆ ಮೇಲೆದ್ದು ಬರುವುದಕ್ಕೂ ಬಳಕೆಯಾಗುವ ಪದ. ದೇಶ ವಿಭಜನೆ, ಯುದ್ಧ, ಒಕ್ಕಲೆಬ್ಬಿಸುವಿಕೆ, ಮನೆಯ ಹಿರಿಯರು ಹಠಾತ್ತನೆ ತೀರಿಹೋಗಿ ಬದುಕು ಬುಡಮೇಲಾಗುವುದು, ಇವಕ್ಕೆ ಬರುತ್ತದೆ. ನೋವಿನ ತೂಕ ಇರುವ ಪದ. ಹೊಸ ಸಿಲಬಸ್ ಬಂದದ್ದಕ್ಕೆ ಅಪ್‌ಹೀವಲ್ ಎಂದರೆ ಅತಿಯಾಯಿತು.

‘ಸೀ ಚೇಂಜ್’ ಎಂಬುದನ್ನು ನಮ್ಮ ಕಡೆ ಬಹಳ ಜನ ‘ಸೀ ಆಫ್ ಚೇಂಜ್’ ಎಂದು ಬರೆಯುತ್ತಾರೆ. ಅದು ತಪ್ಪು. ಶೇಕ್ಸ್‌ಪಿಯರನ ‘ದ ಟೆಂಪೆಸ್ಟ್’ ನಾಟಕದ ಒಂದು ಹಾಡಿನಿಂದ ಬಂದದ್ದು ಇದು. ಮುಳುಗಿದವನ ಎಲುಬು ಕಡಲ ತಳದಲ್ಲಿ ಹವಳವಾಗಿದೆ, ಕಣ್ಣು ಮುತ್ತಾಗಿವೆ ಎನ್ನುತ್ತದೆ ಆ ಹಾಡು. ಹೀಗೆ ಮೂಲದಲ್ಲಿಯೇ ಇದು ಒಳಗಿನಿಂದ ಪೂರ್ತಿ ಬೇರೆಯೇ ಆಗಿಬಿಡುವ ಬದಲಾವಣೆ. ಹೆಣ್ಣುಮಕ್ಕಳ ಓದಿನ ಬಗ್ಗೆ ಎರಡು ತಲೆಮಾರಿನಲ್ಲಿ ನಮ್ಮ ಹಳ್ಳಿಗಳ ಮನೋಭಾವ ಬದಲಾದದ್ದು ‘ಸೀ ಚೇಂಜ್’. ‘ದೇರ್ ಹ್ಯಾಸ್ ಬೀನ್ ಅ ಸೀ ಚೇಂಜ್ ಇನ್ ಆಟಿಟ್ಯೂಡ್ಸ್’ ಎಂದು ಬರೆಯುತ್ತಾರೆ. ಆದೇಶ ಹೊರಡಿಸಿ ಸೀ ಚೇಂಜ್ ತರಲು ಆಗುವುದಿಲ್ಲ.

‘ವಾಟರ್‌ಶೆಡ್’ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಈ ಪದ ಹೇಳುವ ಜಾಗದಲ್ಲೇ ಧಾರವಾಡ ನಿಂತಿದೆ. ಸೋಮೇಶ್ವರ ದೇವಸ್ಥಾನದ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಇದೇ ಸೀಮೆಯ ಬೆಣ್ಣಿಹಳ್ಳ ಮಲಪ್ರಭೆಗೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮಳೆಯ ನೀರು ದಿಬ್ಬದ ಈ ಕಡೆ ಬಿದ್ದರೆ ಒಂದು ಸಮುದ್ರ, ಆ ಕಡೆ ಬಿದ್ದರೆ ಇನ್ನೊಂದು. ಆ ದಿಬ್ಬದ ಗೆರೆಯೇ ವಾಟರ್‌ಶೆಡ್. ಕೃಷಿ ಇಲಾಖೆಯವರು ‘ಜಲಾನಯನ’ ಎನ್ನುವಾಗ ಇದೇ ಇಂಗ್ಲಿಷ್ ಪದಕ್ಕೆ ನೀರು ಕೂಡಿಬರುವ ಇಡೀ ಪ್ರದೇಶ ಎಂಬ ಅರ್ಥ ಇರುತ್ತದೆ. ಆದರೆ ‘ವಾಟರ್‌ಶೆಡ್ ಮೊಮೆಂಟ್’ ಎನ್ನುವಾಗ ಬೇಕಾದದ್ದು ಮೊದಲನೆಯ ಅರ್ಥ, ಅಂದರೆ ಅಲ್ಲಿಂದ ಮುಂದೆ ಎಲ್ಲವೂ ಬೇರೆ ದಿಕ್ಕಿಗೆ ಹರಿಯತೊಡಗುವ ಗಳಿಗೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರಿ ಸಂಘ ಹುಟ್ಟಿದ್ದು ಸಹಕಾರಿ ಚಳವಳಿಯ ಚರಿತ್ರೆಯಲ್ಲಿ ಅಂಥದ್ದೊಂದು ಗಳಿಗೆ. ಆ ದಿನ ಯಾವ ಗದ್ದಲವೂ ಆಗಿರಬೇಕೆಂದಿಲ್ಲ. ವಾಟರ್‌ಶೆಡ್ ಎಂದು ತಿಳಿಯುವುದು ವರ್ಷಗಳಾದ ಮೇಲೆ, ಹಿಂತಿರುಗಿ ನೋಡಿದಾಗ. ನಿನ್ನೆ ಮೊನ್ನೆ ಆದದ್ದಕ್ಕೆ ಈ ಪದ ಬಳಸುವ ಮುನ್ನ ಎರಡು ಸಲ ಯೋಚಿಸಿ.

‘ಗೇಮ್ ಚೇಂಜರ್’ ಬಿಡಬೇಕಾದ ಮಾತೇನಲ್ಲ, ಅದಕ್ಕೂ ಒಂದು ಜಾಗವಿದೆ. ನಡೆಯುತ್ತಿರುವ ಆಟದ ಲೆಕ್ಕಾಚಾರವನ್ನು ಒಂದೇ ವಸ್ತು, ಒಂದೇ ನಿರ್ಧಾರ ಬದಲಿಸಿಬಿಟ್ಟರೆ ಅದು ಗೇಮ್ ಚೇಂಜರ್. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯಿತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕೂ ಮೊದಲು ಜಮೀನಿನ ಒಂದು ಮೇಲ್ಮನವಿಗೂ ಬೆಂಗಳೂರಿಗೆ ಹೋಗಬೇಕಿತ್ತು. ಉತ್ತರ ಕರ್ನಾಟಕದ ಕಕ್ಷಿದಾರರಿಗೆ ಆ ಪೀಠ ‘ಅ ಗೇಮ್ ಚೇಂಜರ್’ ಎಂದರೆ ಪದ ತೂಗುತ್ತದೆ. ಆ ‘ಅ’ ಬಿಟ್ಟು ‘ಇಟ್ ವಾಸ್ ಗೇಮ್ ಚೇಂಜರ್’ ಎಂದು ಮಾತ್ರ ಹೇಳಬೇಡಿ.

‘ಅಪ್‌ಸೆಟ್ ದ ಆ್ಯಪಲ್ ಕಾರ್ಟ್’ ಎಂದರೆ ಒಪ್ಪವಾಗಿ ಪೇರಿಸಿಟ್ಟ ಸೇಬಿನ ಗಾಡಿ ಉರುಳಿಸುವುದು, ಇನ್ನೇನು ಆಗೇಹೋಯ್ತು ಅನ್ನುವ ಕೆಲಸ ಕೆಡಿಸುವುದು. ಸೀಟು ಹಂಚಿಕೆ ಮುಗಿದ ಮೇಲೆ ಬಂಡಾಯ ಅಭ್ಯರ್ಥಿ ನಿಲ್ಲುವುದಕ್ಕೆ ಹೇಳಿ ಮಾಡಿಸಿದ ಮಾತು. ‘ರಾಕ್ ದ ಬೋಟ್’ ಬಹುಪಾಲು ‘ಡೋಂಟ್’ ಜೊತೆಗೇ ಬರುತ್ತದೆ. “ಸುಮ್ನಿರಪಾ, ಇದ್ದದ್ದು ಇದ್ದಂಗ ಇರ್ಲಿ, ಯಾಕ ಕೆದಕತಿ” ಎಂದು ಹಿರಿಯರು ಹೇಳುತ್ತಾರಲ್ಲ, ಅದೇ ‘ಡೋಂಟ್ ರಾಕ್ ದ ಬೋಟ್’. ‘ಟರ್ನ್ ಅಪ್‌ಸೈಡ್ ಡೌನ್’ ನಮ್ಮ ‘ತಲೆಕೆಳಗು ಮಾಡು’ ಎಂಬುದಕ್ಕೆ ತೀರಾ ಹತ್ತಿರ. ಚಾವಿ ಕಳೆದು ಮನೆಯೆಲ್ಲ ತಡಕಾಡಿದ್ದಕ್ಕೂ ಬರುತ್ತದೆ, ಬದುಕು ಬುಡಮೇಲಾದದ್ದಕ್ಕೂ ಬರುತ್ತದೆ.

ಹಂತ 4: ‘ಡಿಸ್ರಪ್ಟ್’ ವಿಷಯದಲ್ಲಿ ಕೇಳುವವರು ಯಾರೆಂದು ನೋಡಿ

ದಿನಬಳಕೆಯಲ್ಲಿ ‘ಡಿಸ್ರಪ್ಟ್’ ಎಂದರೆ ಅಡ್ಡಿಪಡಿಸು, ಅಸ್ತವ್ಯಸ್ತಗೊಳಿಸು. ಮಳೆಯಿಂದ ರೈಲು ಸಂಚಾರ ‘ಡಿಸ್ರಪ್ಟ್’ ಆಗುತ್ತದೆ. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗ ‘ಡಿಸ್ರಪ್ಟಿವ್’. ಎರಡೂ ಒಳ್ಳೆಯದಲ್ಲ. ಅದೇ ಪದ ಹುಬ್ಬಳ್ಳಿಯ ಸ್ಟಾರ್ಟ್‌ಅಪ್ ಹುಡುಗರ ಬಾಯಲ್ಲಿ ಹೊಗಳಿಕೆ. ಅದಕ್ಕೊಂದು ಕಾರಣವಿದೆ. ಹಾರ್ವರ್ಡಿನ ಕ್ಲೇಟನ್ ಕ್ರಿಸ್ಟೆನ್ಸನ್ ಮತ್ತು ಜೋಸೆಫ್ ಬೋವರ್ 1995ರಲ್ಲಿ ಬರೆದ ಲೇಖನದಿಂದ ಈ ಹೊಸ ಅರ್ಥ ವ್ಯಾಪಾರ ಲೋಕಕ್ಕೆ ಹಬ್ಬಿತು. ಕ್ರಿಸ್ಟೆನ್ಸನ್ ಮುಂದೆ ಬೆಳೆಸಿದ ವಾದದ ಪ್ರಕಾರ ದೊಡ್ಡ ಕಂಪನಿಗಳು ಲೆಕ್ಕಕ್ಕಿಡದ ಗಿರಾಕಿಗಳಿಗೆ ಸರಳವಾದ, ಅಗ್ಗದ ಸರಕು ಕೊಟ್ಟು ಕೆಳಗಿನಿಂದ ಕಾಲೂರಿ, ನಿಧಾನಕ್ಕೆ ಗುಣಮಟ್ಟ ಏರಿಸಿಕೊಳ್ಳುತ್ತ, ಕೊನೆಗೆ ಆ ದೊಡ್ಡವರ ಜಾಗವನ್ನೇ ಹಿಡಿಯುವುದು ಡಿಸ್ರಪ್ಷನ್. ಬರೀ ಹೊಸತು, ಬರೀ ಜೋರು ಆದದ್ದೆಲ್ಲ ಆ ಅರ್ಥದಲ್ಲಿ ಡಿಸ್ರಪ್ಷನ್ ಅಲ್ಲ. ಎಂಬಿಎ ಸಂದರ್ಶನದಲ್ಲಿ ಈ ವ್ಯತ್ಯಾಸ ಹೇಳಬಲ್ಲವರ ಮಾತಿಗೆ ತೂಕ ಬರುತ್ತದೆ.

ಇದರ ಜೊತೆಗೆ ಎರಡು ಶಾಸ್ತ್ರೀಯ ಮಾತು. ‘ಕ್ರಿಯೇಟಿವ್ ಡಿಸ್ಟ್ರಕ್ಷನ್’ ಎಂಬುದನ್ನು 1942ರಲ್ಲಿ ಪ್ರಚಾರಕ್ಕೆ ತಂದವರು ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್: ಹೊಸ ಉದ್ದಿಮೆ ಹುಟ್ಟುತ್ತಲೇ ಹಳೆಯದನ್ನು ಒಳಗಿನಿಂದ ಕೆಡವುತ್ತ ಹೋಗುವುದು. ‘ಪ್ಯಾರಡೈಮ್ ಶಿಫ್ಟ್’ 1962ರಲ್ಲಿ ಥಾಮಸ್ ಕೂನ್ ವಿಜ್ಞಾನದ ಬಗ್ಗೆ ಬರೆದದ್ದರಿಂದ ಬಂದದ್ದು: ಉತ್ತರ ಬದಲಾಗುವುದಷ್ಟೇ ಅಲ್ಲ, ಪ್ರಶ್ನೆ ಕೇಳುವ ಚೌಕಟ್ಟೇ ಬದಲಾಗುವುದು. ಭೂಮಿಯ ಸುತ್ತ ಸೂರ್ಯ ಎಂಬ ನಂಬಿಕೆ ಹೋಗಿ ಸೂರ್ಯನ ಸುತ್ತ ಭೂಮಿ ಎಂದಾದದ್ದು ಅಂಥದ್ದು. ಕಚೇರಿಯ ಹಾಜರಿ ಪುಸ್ತಕ ಹೋಗಿ ಬೆರಳಚ್ಚು ಯಂತ್ರ ಬಂದದ್ದಕ್ಕೆ ಪ್ಯಾರಡೈಮ್ ಶಿಫ್ಟ್ ಎನ್ನಬೇಡಿ. ಇಂಥ ಭಾರದ ಪದಗಳನ್ನು ಹಗುರ ಸಂಗತಿಗೆ ಕಟ್ಟಿದರೆ ಓದುವವರು ನಂಬುವುದನ್ನೇ ಬಿಡುತ್ತಾರೆ.

ಹಂತ 5: ‘ಮಾಡು’, ‘ಆಗು’ ಎರಡನ್ನೂ ಕನ್ನಡದಲ್ಲೇ ಬಿಡಿ

ಕನ್ನಡದಲ್ಲಿ ‘ಮಾಡು’, ‘ಆಗು’ ಎಂಬ ಎರಡು ಕ್ರಿಯೆಗಳು ಎಲ್ಲವನ್ನೂ ಹೊರುತ್ತವೆ. ಇಂಗ್ಲಿಷಿನಲ್ಲಿ ಒಂದೊಂದು ನಾಮಪದಕ್ಕೂ ಅದರದೇ ಕ್ರಿಯಾಪದ ಇರುತ್ತದೆ. ‘ಬದಲಾವಣೆ ಮಾಡಿದರು’ ಎಂಬುದು ‘ಡಿಡ್ ಚೇಂಜಸ್’ ಅಲ್ಲ, ‘ಮೇಡ್ ಚೇಂಜಸ್’ ಅಥವಾ ‘ಬ್ರಾಟ್ ಅಬೌಟ್ ಚೇಂಜಸ್’. ‘ತಲೆಕೆಳಗು ಮಾಡಿದರು’ ಎಂಬುದು ‘ಡಿಡ್ ಅಪ್‌ಸೈಡ್ ಡೌನ್’ ಅಲ್ಲ, ‘ಟರ್ನ್ಡ್ ಇಟ್ ಅಪ್‌ಸೈಡ್ ಡೌನ್’. ‘ದೊಡ್ಡ ಬದಲಾವಣೆ ಆಯಿತು’ ಎನ್ನಲು ‘ಬಿಕೇಮ್’ ಬೇಡ, ‘ದೇರ್ ವಾಸ್’ ಸಾಕು.

ಹಂತ 6: ಸಂದರ್ಶನದಲ್ಲಿ, ಕಚೇರಿಯಲ್ಲಿ ಅಳತೆ ತಪ್ಪಬೇಡಿ

‘ಶೇಕ್ ಅಪ್’ ಅಧಿಕಾರ ಇದ್ದವರ ಮಾತು. ಇನ್ನೂ ಕೆಲಸಕ್ಕೆ ಸೇರದ ಅಭ್ಯರ್ಥಿ ‘ಐ ವಿಲ್ ಶೇಕ್ ಅಪ್ ಯುವರ್ ಬ್ರಾಂಚ್’ ಎಂದರೆ ಎದುರಿಗೆ ಕೂತವರಿಗೆ ಉದ್ಧಟತನ ಕೇಳಿಸುತ್ತದೆ, ಹುರುಪಲ್ಲ. ತನ್ನ ಬಗ್ಗೆ ಹೇಳುವಾಗ ‘ಐ ವುಡ್ ಫಸ್ಟ್ ಲರ್ನ್ ಹೌ ಥಿಂಗ್ಸ್ ವರ್ಕ್, ದೆನ್ ಸಜೆಸ್ಟ್ ಅ ಫ್ಯೂ ಇಂಪ್ರೂವ್‌ಮೆಂಟ್ಸ್’ ಎನ್ನಿ. ಬೇರೆಯವರನ್ನು ಮೆಚ್ಚುವಾಗ ಧಾರಾಳವಾಗಿ ಬಳಸಬಹುದು: ‘ಅವರ್ ಪ್ರಿನ್ಸಿಪಾಲ್ ಶುಕ್ ಥಿಂಗ್ಸ್ ಅಪ್, ಅಂಡ್ ದ ರಿಸಲ್ಟ್ಸ್ ಇಂಪ್ರೂವ್ಡ್’. ತನ್ನ ದಿನಚರಿಯ ಬಗ್ಗೆಯೂ ಸಲೀಸು: ಓದಿನ ವೇಳಾಪಟ್ಟಿ ಬೇಸರ ಬಂದರೆ ‘ಐ ನೀಡ್ ಟು ಶೇಕ್ ಅಪ್ ಮೈ ರೂಟೀನ್’. ಸರ್ಕಾರಿ ಪತ್ರ, ವರದಿಗಳಲ್ಲಿ ಮಾತ್ರ ಇದು ಸ್ವಲ್ಪ ಹಗುರ. ಅಲ್ಲಿ ‘ರೀಆರ್ಗನೈಜೇಷನ್’, ‘ರೀಸ್ಟ್ರಕ್ಚರಿಂಗ್’ ಎಂದು ಬರೆಯಿರಿ. ಪತ್ರಿಕೆಯ ತಲೆಬರಹಕ್ಕೆ ‘ಶೇಕ್-ಅಪ್’ ಇಷ್ಟ, ಯಾಕೆಂದರೆ ಪದ ಚಿಕ್ಕದು.

ಹಂತ 7: ನಮ್ಮ ಊರಿನ ಸಂಗತಿಗಳ ಮೇಲೆ ಕೈ ಪಳಗಿಸಿ

ದೂರದ ಉದಾಹರಣೆ ಬಾಯಿಪಾಠ ಮಾಡುವುದಕ್ಕಿಂತ ಕಣ್ಣೆದುರು ಆದದ್ದನ್ನು ಹೇಳಲು ಪ್ರಯತ್ನಿಸಿದರೆ ಪದ ಬೇಗ ಕೂಡುತ್ತದೆ. ಕೆಳಗಿನವನ್ನು ಓದಿ, ಉತ್ತರ ನೋಡುವ ಮೊದಲು ನಿಮ್ಮ ಪದ ಆರಿಸಿ.

2014ರ ನವೆಂಬರ್ 1ರಂದು ‘ಹುಬ್ಳಿ’ ಎಂಬ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ‘ಹುಬ್ಬಳ್ಳಿ’ ಆಯಿತು. ಹೆಮ್ಮೆಯ ಸಂಗತಿ ನಿಜ, ಆದರೆ ಇದಕ್ಕೆ ‘ಚೇಂಜ್’ ಸಾಕು. ಯಾರ ಜೀವನದ ಕ್ರಮವೂ ಅಲ್ಲಾಡಲಿಲ್ಲ.

2018ರಲ್ಲಿ ಓಡಾಟ ಶುರುಮಾಡಿದ ಚಿಗರಿ ಬಸ್ಸು, ಅಂದರೆ ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ವ್ಯವಸ್ಥೆ, ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪ್ರಯಾಣದ ರೀತಿಯನ್ನೇ ಬದಲಿಸಿತು. ಪ್ರತ್ಯೇಕ ರಸ್ತೆ, ನಡುವೆ ನಿಲ್ದಾಣ, ಹತ್ತುವ ಮೊದಲೇ ಟಿಕೆಟ್. ‘ದ ಬಿಆರ್‌ಟಿಎಸ್ ಶುಕ್ ಅಪ್ ಟ್ರಾವೆಲ್ ಬಿಟ್ವೀನ್ ದ ಟ್ವಿನ್ ಸಿಟೀಸ್’. ಯೋಜನೆ ಹಾಕಿ ಮಾಡಿದ್ದು, ಕೈ ಕಾಣುತ್ತದೆ, ಆದ್ದರಿಂದ ಶೇಕ್ ಅಪ್. ಅದಕ್ಕೂ ಮೊದಲು ರಸ್ತೆ ಅಗೆದ ಕಾಲದ ತೊಂದರೆಗೆ ‘ಡಿಸ್ರಪ್ಷನ್’.

2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರ ಆಕ್ರೋಶ ಹಿಂಸೆಗೆ ತಿರುಗಿತು. ಶೇಕ್-ಅಪ್ ಎಂದರೆ ಇಲ್ಲಿ ಅಪಚಾರ. ದರದ ಏರುಪೇರಿಗೆ ‘ಟರ್ಮಾಯಿಲ್’, ಗಲಭೆಗೆ ‘ಅನ್‌ರೆಸ್ಟ್’. ವರ್ಷದ ದುಡಿಮೆ ಚೀಲದಲ್ಲಿ ಹೊತ್ತು ತಂದು ಬೆಲೆ ಸಿಗದೆ ನಿಂತವರ ಸಂಕಟ ಪದದಲ್ಲಿ ಕಾಣಬೇಕು.

ಕೊನೆಯದು ಎಲ್ಲಕ್ಕಿಂತ ಗಟ್ಟಿ. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಂಗಡಿಸಿ ಗದಗ, ಹಾವೇರಿ ಜಿಲ್ಲೆಗಳನ್ನು ಮಾಡಿದರು. ಅದೇ ವರ್ಷ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಸಾರಿಗೆ ಸಂಸ್ಥೆಯೂ ಬೇರೆಯಾಯಿತು. ಆಡಳಿತದ ಕಡತಕ್ಕೆ ಇದು ‘ರೀಆರ್ಗನೈಜೇಷನ್’, ಪತ್ರಿಕೆಗೆ ‘ಶೇಕ್-ಅಪ್’, ಜಿಲ್ಲಾ ಕೇಂದ್ರದ ಕೆಲಸಕ್ಕೆ ಅಷ್ಟು ದೂರ ಧಾರವಾಡಕ್ಕೆ ಬರುವುದು ತಪ್ಪಿದ ರಾಣೆಬೆನ್ನೂರು ಕಡೆಯ ರೈತನಿಗೆ ‘ಗೇಮ್ ಚೇಂಜರ್’. ಮಕ್ಕಳ ಶಾಲೆ, ಬಾಡಿಗೆ ಮನೆ ಬಿಟ್ಟು ಹೊಸ ಊರಿಗೆ ಹೊರಟ ನೌಕರನ ಸಂಸಾರಕ್ಕೆ ‘ಅಪ್‌ಹೀವಲ್’. ನಾಲ್ಕೂ ಸರಿಯಾದ ಉತ್ತರವೇ. ನಾಲ್ವರ ಬಾಯಲ್ಲಿ ನಾಲ್ಕು ವಾಕ್ಯ ಬರೆಯಿರಿ, ಪ್ರತಿಯೊಂದರಲ್ಲೂ ‘ಬಿಕಾಸ್’ ಹಾಕಿ ಕಾರಣ ಸೇರಿಸಿ, ನಂತರ ಜೊತೆಗೆ ಓದುವವರಿಗೆ ಗಟ್ಟಿಯಾಗಿ ಓದಿ ಹೇಳಿ. ಯಾವ ವಾಕ್ಯ ಯಾರದೆಂದು ಅವರು ಕೇಳುತ್ತಲೇ ಗುರುತಿಸಿದರೆ ಮುಂದಿನ ಸಂಗತಿ ಎತ್ತಿಕೊಳ್ಳಿ. ತಡವರಿಸಿದರೆ ಕ್ರಿಯಾಪದ ಬದಲಿಸದೆ ಕರ್ತೃವನ್ನು ಬದಲಿಸಿ ಇನ್ನೊಮ್ಮೆ ಬರೆಯಿರಿ.